ವಿಮಾನದ ದೂರ, ಮನೆಯ ದೂರ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಿಂದಲೂ ಮಕ್ಕಳು ಈಗ ದೂರದೇಶಗಳಿಗೆ ಹೋಗಿ ನೆಲಸುವುದುಂಟು. ಮನೆಯಲ್ಲಿ ಒಂದು ಸಾವು ಸಂಭವಿಸಿದಾಗ ನೆರೆದವರು ಕೇಳುವ ಪ್ರಶ್ನೆ ಒಂದೇ: "ಮಗ ಯಾವಾಗ ಬಂದು ಮುಟ್ತಾನ?" ಮಣ್ಣು ಮಾಡದೆ ಕಾಯಬೇಕೋ ಬೇಡವೋ ಎಂಬುದು ಈ ಉತ್ತರವನ್ನೇ ಅವಲಂಬಿಸಿದೆ. ಭೂಗೋಳಶಾಸ್ತ್ರದ ವಿದ್ಯಾರ್ಥಿಯಾದ ನಾನು ಈ ಲೆಕ್ಕದ ಕ್ರಮವನ್ನು ವಾಚಕರ ಮುಂದಿಡಲು ಯತ್ನಿಸುತ್ತೇನೆ.

ಉದಾಹರಣೆಗೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಬೆಂಗಳೂರನ್ನು ತೆಗೆದುಕೊಳ್ಳೋಣ. ಶಾಂತಸಾಗರವನ್ನು ನಡುವಿಟ್ಟ ಮರ್ಕೇಟರ್ ನಕಾಶೆಯ ಮೇಲೆ ಇವೆರಡರ ನಡುವೆ ನೇರ ಗೆರೆ ಎಳೆದರೆ, ಆ ದಾರಿಯ ಉದ್ದ 16,000 ಕಿ.ಮೀ.ಗೂ ಮಿಕ್ಕುತ್ತದೆ. ಆದರೆ ಭೂಮಿ ದುಂಡಗಿದೆ. ಗೋಲದ ಮೇಲೆ ದಾರವನ್ನು ಬಿಗಿಯಾಗಿ ಹಿಡಿದು ನೋಡಿರಿ. ಅದು ಉತ್ತರಕ್ಕೆ ಬಾಗಿ ಆರ್ಕ್ಟಿಕ್ ವಲಯವನ್ನು ಹಾಯ್ದು ಬರುತ್ತದೆ. ಈ ದಾರಿ ಸುಮಾರು 14,000 ಕಿ.ಮೀ. ಮಾತ್ರ. ಇದಕ್ಕೆ ಮಹಾವೃತ್ತದ ದಾರಿಯೆಂದು ಹೆಸರು.

ಗಂಟೆಗೆ 900 ಕಿ.ಮೀ. ವೇಗವೆಂದು ಹಿಡಿದರೆ ಹದಿನೈದೂವರೆ ಗಂಟೆ ಸಾಕು. ಆದರೆ 2021ರ ಜನವರಿಯಲ್ಲಿ ಏರ್ ಇಂಡಿಯಾದ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಮಹಿಳಾ ಸಂಗಡಿಗರು ಈ ನಗರಗಳ ನಡುವೆ ಮೊದಲ ನೇರ ವಿಮಾನವನ್ನು ಉತ್ತರ ಧ್ರುವದ ಮೇಲಿಂದ ತಂದಾಗ ಸುಮಾರು 17 ಗಂಟೆ ಹಿಡಿಯಿತು. ಏರುವುದು, ಇಳಿಯುವುದು, ಗಾಳಿಗೆ ತಕ್ಕಂತೆ ದಾರಿ ಬದಲಿಸುವುದು ಇವೆಲ್ಲ ಕಾಲವನ್ನು ಬೇಡುತ್ತವೆ.

ಆ ವಿಮಾನ 9ನೆಯ ತಾರೀಖಿನ ರಾತ್ರಿ ಹೊರಟು 11ರ ಬೆಳಗಿನ ಜಾವ ಬಂದಿತು. ಹಾಗಾದರೆ ಒಂದು ದಿನಕ್ಕೂ ಹೆಚ್ಚಾಯಿತಲ್ಲವೆ? ಇಲ್ಲ. ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಅಲ್ಲಿ 9ರ ರಾತ್ರಿ ಎಂಟೂವರೆಯಾದಾಗ ಇಲ್ಲಿ 10ರ ಬೆಳಿಗ್ಗೆ ಹತ್ತು. ಅದಕ್ಕೆ 17 ಕೂಡಿಸಿದರೆ 11ರ ಬೆಳಗಿನ ಮೂರು ಗಂಟೆಯೇ ಬರುತ್ತದೆ.

ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ. ವಿಮಾನ ಏರುವ ಮುನ್ನ 3 ಗಂಟೆ, ಇಳಿದು ನಿಲ್ದಾಣ ದಾಟಿ ಊರ ದಾರಿ ಹಿಡಿಯಲು 3 ಗಂಟೆ, ಬೆಂಗಳೂರಿನಿಂದ ಕಲಬುರಗಿಗೆ ರೈಲು ಇಲ್ಲವೆ ಬಸ್ಸಿನಲ್ಲಿ ಸುಮಾರು 10 ಗಂಟೆ. ಅಲ್ಲಿಂದ ಆಳಂದಕ್ಕೂ ಜೇವರ್ಗಿಗೂ ಸುಮಾರು 40 ಕಿ.ಮೀ., ಅಫಜಲಪುರಕ್ಕೆ 60ಕ್ಕೂ ಹೆಚ್ಚು. ಅದಕ್ಕೆ 2 ಗಂಟೆ ಇಡೋಣ. ಒಟ್ಟು 35 ಗಂಟೆ, ಅಂದರೆ ಒಂದೂವರೆ ದಿನ. ಕಲಬುರಗಿಯಲ್ಲಿ 2019ರ ನವೆಂಬರ್ 22ರಂದು ವಿಮಾನ ನಿಲ್ದಾಣ ಆರಂಭವಾಯಿತು. ಆದರೆ ಬೇಕಾದ ದಿನ ಹೊಂದುವ ವಿಮಾನವಿದೆಯೇ ಎಂದು ವಿಚಾರಿಸಿಯೇ ಅದನ್ನು ಲೆಕ್ಕಕ್ಕೆ ಹಿಡಿಯಬೇಕು.

ಹೈದರಾಬಾದಿನ ಶಂಶಾಬಾದ್ ನಿಲ್ದಾಣದಿಂದಾದರೋ ಕಲಬುರಗಿಗೆ ಮೋಟಾರಿನಲ್ಲಿ ಸುಮಾರು 5 ಗಂಟೆಯ ಹಾದಿ. ನಡುವೆ ವಿಮಾನ ಬದಲಿಸಿ ಹೈದರಾಬಾದಿಗೆ ಬರುವುದರಿಂದ ಹೆಚ್ಚಾಗುವ ಕಾಲ 5 ಗಂಟೆಗಿಂತ ಕಡಿಮೆಯಿದ್ದರೆ, ಆಕಾಶದಲ್ಲಿ ಸುತ್ತಾದ ಆ ದಾರಿಯೇ ನಮ್ಮ ಮನೆಗೆ ಸಮೀಪ.

ಆದುದರಿಂದ, ಮಿತ್ರರೇ, ವಿಮಾನ ಎಷ್ಟು ಗಂಟೆ ಹಾರುತ್ತದೆಂದು ಕೇಳಿ ನಿಲ್ಲಬೇಡಿರಿ. ಹೊರಡುವ ಹೊತ್ತನ್ನು ಮೊದಲು ನಮ್ಮ ಗಡಿಯಾರಕ್ಕೆ ತನ್ನಿರಿ. ಬಳಿಕ ಆ ಮನೆಯ ಬಾಗಿಲಿನಿಂದ ಈ ಮನೆಯ ಬಾಗಿಲಿನವರೆಗೆ ಹಿಡಿಯುವ ಕಾಲವನ್ನೆಲ್ಲ ಕೂಡಿಸಿರಿ. ಆಗ ಕಾಯುವವರಿಗೆ ನಂಬತಕ್ಕ ಒಂದು ಉತ್ತರ ದೊರೆಯುತ್ತದೆ.