ಆಳಂದ, ಅಫಜಲಪುರ, ಜೇವರ್ಗಿ: ಹಿಂದುಳಿದಿರುವಿಕೆಯ ಅಳತೆ

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ (ವರದಿ: ಜೂನ್ 2002) 35 ಸೂಚಕಗಳಿಂದ ಕರ್ನಾಟಕದ ಆಗಿನ 175 ತಾಲ್ಲೂಕುಗಳನ್ನು ಅಳೆಯಿತು. ಸರಾಸರಿ ಸೂಚ್ಯಂಕ 1. ಅದಕ್ಕಿಂತ ಕೆಳಗಿದ್ದವು 114. ಅವುಗಳಲ್ಲಿ 39 ‘ಅತ್ಯಂತ ಹಿಂದುಳಿದ’ವು (0.53–0.79). ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿವೆ. ಶಿಫಾರಸು: 8 ವರ್ಷಗಳಲ್ಲಿ ₹31,000 ಕೋಟಿಯ ವಿಶೇಷ ಅಭಿವೃದ್ಧಿ ಯೋಜನೆ.

ವಿಮರ್ಶೆಯ ಅಂಶ ಇಲ್ಲೇ ಇದೆ. ಸೂಚ್ಯಂಕ ಅಳೆದದ್ದು ತಾಲ್ಲೂಕನ್ನು, ಮನೆಯನ್ನಲ್ಲ. ಅಫಜಲಪುರದ ಸೊನ್ನ ಬ್ಯಾರೇಜ್, ಆಳಂದದ ಅಮರ್ಜಾ ಜಲಾಶಯ ನೀರಾವರಿ ಲೆಕ್ಕಕ್ಕೆ ಸೇರುತ್ತವೆ. ಹೊಲವೇ ಇಲ್ಲದವರಿಗೆ ಆ ನೀರಿನಿಂದ ನೇರ ಲಾಭವಿಲ್ಲ. ತೊಗರಿ ರಾಶಿ ಮುಗಿದ ಮೇಲೆ ಮುದುಕರನ್ನು ಮನೆಯಲ್ಲಿ ಬಿಟ್ಟು ಮುಂಬೈ, ಪುಣೆಗೆ ದುಡಿಯಲು ಹೋಗುವವರ ಬಡತನ ಸರಾಸರಿಯಲ್ಲಿ ಕರಗಿಹೋಗುತ್ತದೆ. ಜಾತಿ, ಲಿಂಗ, ಭೂಹೀನತೆಯನ್ನು ಮನೆ ಮಟ್ಟದಲ್ಲಿ ನೋಡದೆ ರಸ್ತೆ-ಕಟ್ಟಡ ಎಣಿಸುವುದು ಅಧಿಕಾರಿಗಳಿಗೆ ಸುಲಭ, ಅಷ್ಟೇ.

ಜಾಗತಿಕವಾಗಿಯೂ ಇದೇ ವಾದ: ವಿಶ್ವಬ್ಯಾಂಕಿನ ದಿನಕ್ಕೊಂದು ಡಾಲರ್ ರೇಖೆ ಬಂದದ್ದು 1990ರಲ್ಲಿ; ಅದಕ್ಕೂ ಮೊದಲೇ ಅಮರ್ತ್ಯ ಸೇನ್ ಜನ ಏನು ಮಾಡಬಲ್ಲರು ಎಂದು ನೋಡುವ ಸಾಮರ್ಥ್ಯ ದೃಷ್ಟಿಯನ್ನು ಮುಂದಿಟ್ಟಿದ್ದರು, ಬಹುಆಯಾಮದ ಬಡತನ ಸೂಚ್ಯಂಕ ಬಂದದ್ದು 2010ರಲ್ಲಿ.