ಎಂಜಿನ್ ಮುಟ್ಟಬೇಡ, ಬ್ರೇಕ್ ನೋಡು

ಪ್ರೀತಿಯ ಪುಟ್ಟಿಗೆ,

ಕ್ಯಾಲಿಫೋರ್ನಿಯಾದಲ್ಲಿ ಕಾರು ಕೊಂಡ ಸುದ್ದಿ ನಿನ್ನಮ್ಮನಿಂದ ತಿಳಿಯಿತು. ಅದನ್ನು ಲಗುನಾ ಸೆಕಾ ರೇಸ್ ಟ್ರ್ಯಾಕಿಗೆ ಒಯ್ಯುವ ವಿಚಾರ ಮಾತ್ರ ನನಗೊಬ್ಬನಿಗೇ ಬರೆದಿದ್ದೀಯ. ಅವಳಿಗೆ ನೀನೇ ಹೇಳು, ನನ್ನನ್ನು ಮುಂದೆ ತಳ್ಳಬೇಡ.

ದುಡ್ಡು ಸಾಲದೆ ಮಿಯಾಟಾದ ಕೆಳಗಿನ ಮಾದರಿ ತಗೊಂಡೆನೆಂದು ಕೊರಗಿದ್ದೀಯಲ್ಲ, ಯಾಕೆ? ನಿನ್ನ ‘ಸ್ಪೋರ್ಟ್’ಗೂ ಮೇಲಿನ ‘ಕ್ಲಬ್’ಗೂ ಎಂಜಿನ್ ಒಂದೇ. 2019ರ ಮಾದರಿಯಿಂದ ಈಚೆಗೆ ಎರಡರಲ್ಲೂ 2 ಲೀಟರಿನ, 181 ಅಶ್ವಶಕ್ತಿಯ ಎಂಜಿನ್. ಕ್ಲಬ್‌ನಲ್ಲಿ ಹೆಚ್ಚಿಗೆ ಸಿಗುವುದು ಮುಖ್ಯವಾಗಿ ಬಿಲ್‌ಸ್ಟೈನ್ ಶಾಕ್ ಅಬ್ಸಾರ್ಬರ್, ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ಆ ಡಿಫರೆನ್ಷಿಯಲ್ ಇಲ್ಲದ ಕಾರಿನಲ್ಲಿ ಬಿಗಿ ತಿರುವಿನಿಂದ ಹೊರಬರುತ್ತಾ ಆಕ್ಸಿಲರೇಟರ್ ತುಳಿದರೆ ಒಳಬದಿಯ ಹಿಂಚಕ್ರ ಗಿರ್ರನೆ ತಿರುಗುತ್ತದೆ, ಕಾರು ಮುಂದೆ ಹೋಗದು. ಹೋಗದಿರಲಿ ಬಿಡು. ನಿನ್ನ ಕಾಲು ಆತುರಪಟ್ಟಿತೆಂದು ಇದಕ್ಕಿಂತ ಸ್ಪಷ್ಟವಾಗಿ ನಿನಗೆ ಯಾರೂ ಹೇಳಲಾರರು.

ಖರ್ಚು ಮಾಡಬೇಕಾದದ್ದು ಬ್ರೇಕಿಗೆ. ಗಂಟೆಗೆ 160 ಕಿ.ಮೀ.ಯಿಂದ 80ಕ್ಕೆ ಇಳಿದರೆ ವೇಗ ಅರ್ಧವಷ್ಟೇ ಆಗುತ್ತದೆ, ಆದರೆ ಚಲನಶಕ್ತಿಯ ಮುಕ್ಕಾಲು ಪಾಲು ಹೋಗಿಬಿಡುತ್ತದೆ. ಹೋಗುವುದೆಲ್ಲಿಗೆ? ಬಹುಪಾಲು ಬ್ರೇಕಿಗೇ, ಶಾಖವಾಗಿ. ಅದೂ ಪ್ರತಿ ಸುತ್ತಿನಲ್ಲಿ ಮತ್ತೆ ಮತ್ತೆ. ಬ್ರೇಕ್ ಫ್ಲೂಯಿಡ್ಡೋ ಮಳೆಗಾಲದಲ್ಲಿ ಮುಚ್ಚಳ ತೆರೆದಿಟ್ಟ ಉಪ್ಪಿನ ಭರಣಿಯ ಹಾಗೆ ಗಾಳಿಯ ತೇವ ಹೀರುತ್ತಲೇ ಇರುತ್ತದೆ. ಡಾಟ್ 4 ದರ್ಜೆಯದು ಹೊಸದಾಗಿದ್ದಾಗ ಅದರ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ. ನೀರು ಸೇರಿದ ಮೇಲೆ ಆ ಮಿತಿ 155. ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ ಏಳುತ್ತದೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪೆಡಲ್ ನೆಲ ಮುಟ್ಟಿದರೂ ಕಾರು ನಿಲ್ಲದು! ಹಳೆಯದನ್ನೆಲ್ಲ ತೆಗೆಸಿ, ಮೋಟುಲ್ ಆರ್‌ಬಿಎಫ್ 600ನಂಥ, 300 ಡಿಗ್ರಿ ದಾಟಿದರೂ ಕುದಿಯದ ಫ್ಲೂಯಿಡ್ ಹಾಕಿಸು. ಹೆಚ್ಚು ಶಾಖ ತಡೆಯುವ ಪ್ಯಾಡೂ ಬೇಕು. ರಸ್ತೆಯಲ್ಲಿ ಕಿರುಗುಟ್ಟಿದರೆ ಸಹಿಸಿಕೋ. ಪ್ರತಿ ಸರದಿಯ ಕೊನೆಯ ಸುತ್ತನ್ನು ನಿಧಾನವಾಗಿ ಓಡಿಸಿ ಬ್ರೇಕ್ ತಣಿಸು. ಪ್ಯಾಡಕ್‌ಗೆ (ಕಾರು ನಿಲ್ಲಿಸುವ ಜಾಗಕ್ಕೆ) ಬಂದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ನಿಲ್ಲಿಸು.

ಟೈರು ಈಗಿರುವುದೇ ಸಾಕು. ಬಿಸಿಯಾದಾಗ ಒಳಗಿನ ಒತ್ತಡ ಏರುತ್ತದೆ, ಟ್ರ್ಯಾಕಿನಿಂದ ಬಂದ ಕೂಡಲೇ ಅಳೆದು ನೋಡು. ಚಕ್ರದ ನಟ್ಟುಗಳಿಗೆ ಟಾರ್ಕ್ ರೆಂಚ್ ಹಿಡಿ, ಅಂದಾಜು ಬೇಡ. ಸೈಲೆನ್ಸರ್ ಬದಲಿಸುವ ಆಸೆಯನ್ನೂ ಬಿಡು. ಲಗುನಾ ಸೆಕಾದಲ್ಲಿ ಎಷ್ಟೋ ದಿನ ಸದ್ದಿಗೆ 90 ಡೆಸಿಬೆಲ್ ಮಿತಿ ಇರುತ್ತದೆ, ಮೀರಿದವರನ್ನು ಕಪ್ಪು ಬಾವುಟ ತೋರಿಸಿ ಟ್ರ್ಯಾಕಿನಿಂದ ಹೊರಗೆ ಕರೆಯುತ್ತಾರೆ.

ಅಲ್ಲಿಯ 11 ತಿರುವುಗಳಲ್ಲಿ ಎಲ್ಲರ ಬಾಯಲ್ಲೂ ಇರುವುದು ಕಾರ್ಕ್‌ಸ್ಕ್ರೂ. ಸುಮಾರು 137 ಮೀಟರ್ ಓಟದಲ್ಲಿ 18 ಮೀಟರ್ ಇಳಿತ. ಏರು ಹತ್ತಿ ಬ್ರೇಕ್ ತುಳಿಯುವಾಗ ಮುಂದಿನ ದಾರಿ ಕಣ್ಣಿಗೇ ಬೀಳದು. ಅದಕ್ಕೇ ಪಕ್ಕದ ಸೀಟಿನಲ್ಲಿ ಬೋಧಕರು ಬೇಕೇಬೇಕು. ದುಡ್ಡು ಸಾಲದಿದ್ದರೆ ಪ್ಯಾಡಿನದನ್ನು ನಾನು ಕೊಡುತ್ತೇನೆ, ಬೋಧಕರನ್ನು ಮಾತ್ರ ಬಿಡಬೇಡ.

ಮಡಚುವ ಚಾವಣಿಯ ಕಾರು, ರೋಲ್ ಬಾರ್ ಕಡ್ಡಾಯವೇ ಎಂದು ಆಯೋಜಕರನ್ನು ಕೇಳು. ಕಡ್ಡಾಯವಲ್ಲದಿದ್ದರೂ ಹಾಕಿಸು. ಹೆಲ್ಮೆಟ್ ಬೈಕಿನದು ಬೇಡ, ಸ್ನೆಲ್ ಎಸ್‌ಎ ಗುರುತಿನದು ತಗೋ. ಅದನ್ನು ಬೆಂಕಿಗೂ ಒಡ್ಡಿ ಪರೀಕ್ಷಿಸಿರುತ್ತಾರೆ. ವಿಮೆಯ ಪತ್ರವನ್ನೂ ಪೂರ್ತಿ ಓದು, ಟ್ರ್ಯಾಕಿನಲ್ಲಾದ ಹಾನಿಗೆ ಸಾಮಾನ್ಯ ಕಾರು ವಿಮೆ ಎಷ್ಟೋ ಸಲ ಪರಿಹಾರ ಕೊಡುವುದಿಲ್ಲ. ಅರ್ಥವಾಗದ ಪುಟಗಳ ಫೋಟೊ ತೆಗೆದು ಕಳಿಸು, ಕೂತು ಓದೋಣ.

ನಿನ್ನ
ದೊಡ್ಡಪ್ಪ