ಟರ್ಬೋಚಾರ್ಜರೂ ಕಾದ ಗಾಳಿಯೂ

ಪೆಟ್ರೋಲ್ ಎಂಜಿನ್ ಉಸಿರಾಡುವ ಯಂತ್ರ. ಪಿಸ್ಟನ್ ಕೆಳಗಿಳಿದಾಗ ಸಿಲಿಂಡರಿನಲ್ಲಿ ಒತ್ತಡ ತಗ್ಗುತ್ತದೆ. ಹೊರಗಿನ ವಾಯುಮಂಡಲವು ಗಾಳಿಯನ್ನು ಒಳಕ್ಕೆ ನೂಕುತ್ತದೆ. ಹೀಗೆ ಬಂದ ಗಾಳಿಗೆ ತಕ್ಕಷ್ಟು ಪೆಟ್ರೋಲು ಮಾತ್ರ ಉರಿಯಬಲ್ಲುದು. ಆದುದರಿಂದ ಸಾಮರ್ಥ್ಯ ಹೆಚ್ಚಬೇಕಾದರೆ ಗಾಳಿ ಹೆಚ್ಚಬೇಕು. ವ್ಯರ್ಥವಾಗಿ ಹೊರಹೋಗುವ ಬಿಸಿ ಅನಿಲದಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಚಕ್ರದಿಂದ ಗಾಳಿಯನ್ನು ಒತ್ತಿ ತುಂಬುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ೧೯೦೫ರಲ್ಲಿ ಪೇಟೆಂಟ್ ಪಡೆದನು. ಇದೇ ಟರ್ಬೋಚಾರ್ಜರ್.

ಸಾಮಾನ್ಯ ಕಾರಿಗೆ ಇದನ್ನು ಹೊರಗಿನಿಂದ ತಂದು ಜೋಡಿಸಿಬಿಟ್ಟರೆ ಸಾಕೆಂದು ತರುಣರಲ್ಲಿ ಅನೇಕರು ಭಾವಿಸಿರುವರು. ಸಾಮರ್ಥ್ಯ ಏರುವುದು ನಿಜ. ಅದರ ಬೆಲೆಯೇನು?

ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. ೩೦೦ ಕೆಲ್ವಿನ್ ಉಷ್ಣತೆಯ ಗಾಳಿಯನ್ನು ಒಂದೂವರೆ ಪಟ್ಟು ಒತ್ತಡಕ್ಕೆ ತರೋಣ. ೧.೫ನ್ನು ೦.೨೮೬ರ ಘಾತಕ್ಕೆ ಏರಿಸಿ ೩೦೦ರಿಂದ ಗುಣಿಸಿದರೆ ೩೩೭ ಬರುತ್ತದೆ. ಇದು ಆದರ್ಶ ಯಂತ್ರದ ಲೆಕ್ಕ. ದಕ್ಷತೆ ಶೇಕಡಾ ೬೫ ಎಂದಿಟ್ಟುಕೊಂಡರೆ ಏರಿಕೆ ೩೭ರ ಬದಲು ೫೭ ಡಿಗ್ರಿ. ಗಾಳಿಯ ಉಷ್ಣತೆ ೩೫೭ ಕೆಲ್ವಿನ್. ಸಾಂದ್ರತೆಯು ಒತ್ತಡಕ್ಕೆ ಅನುಲೋಮ, ಉಷ್ಣತೆಗೆ ವಿಲೋಮ. ಆದುದರಿಂದ ಒಳಬಂದ ಗಾಳಿ ಹೆಚ್ಚಿದ್ದು ಶೇಕಡಾ ೫೦ ಅಲ್ಲ, ೨೬ ಮಾತ್ರ! ನಡುವೆ ಇಂಟರ್‌ಕೂಲರ್ ಇಟ್ಟು ೩೨೦ ಕೆಲ್ವಿನ್‌ಗೆ ತಣಿಸಿದರೆ ೪೧ ದೊರೆಯುತ್ತದೆ.

ನಷ್ಟ ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಅದೇ ಗಾಳಿಯನ್ನು ಪಿಸ್ಟನ್ ಮತ್ತೊಮ್ಮೆ ಒತ್ತುತ್ತದೆ. ಗಾತ್ರವು ಹತ್ತರಲ್ಲೊಂದಾಗುವಂತೆ ಒತ್ತಿದಾಗ, ಅಂದರೆ ಸಂಪೀಡನ ಅನುಪಾತ ೧೦ ಇದ್ದಾಗ, ಕೆಲ್ವಿನ್ ಉಷ್ಣತೆ ಸುಮಾರು ಎರಡೂವರೆ ಪಟ್ಟಾಗುತ್ತದೆ. ೩೦೦ರಿಂದ ಹೊರಟ ಗಾಳಿ ೭೫೦ನ್ನು ಮುಟ್ಟಿದರೆ, ೩೫೭ರಿಂದ ಹೊರಟದ್ದು ೯೦೦ರ ಸಮೀಪಕ್ಕೆ ಏರುವುದು. ಆಗ ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಜ್ವಾಲೆ ತಲಪುವ ಮೊದಲೇ ಮೂಲೆಯ ಮಿಶ್ರಣ ತಾನಾಗಿ ಸಿಡಿಯಬಹುದು. ಇದೇ ನಾಕಿಂಗ್. ಸುತ್ತಿಗೆಯಿಂದ ಲೋಹವನ್ನು ಬಡಿದಂತೆ ಸದ್ದು. ಮುಂದುವರಿದರೆ ಪಿಸ್ಟನ್ ತೂತಾಗುವುದೂ ಉಂಟು.

ಅಮೆರಿಕದ ಜನರಲ್ ಮೋಟಾರ್ಸ್ ೧೯೬೨ರಲ್ಲಿ ಹೊರತಂದ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಕಾರಿನ ಕಥೆ ಇಲ್ಲಿ ಬಲು ಬೋಧಪ್ರದ. ೩.೫ ಲೀಟರಿನ ಎಂಜಿನ್, ೨೧೫ ಅಶ್ವಸಾಮರ್ಥ್ಯ. ಸಂಪೀಡನ ಅನುಪಾತವನ್ನು ೧೦.೨೫ರಷ್ಟು ಎತ್ತರದಲ್ಲೇ ಇಟ್ಟು ಟರ್ಬೋಚಾರ್ಜರ್ ಜೋಡಿಸಿದ್ದರು. ನಾಕಿಂಗನ್ನು ತಡೆಯಲು ನೀರೂ ಮೆಥೆನಾಲೂ ಬೆರೆತ ದ್ರವವನ್ನು ಎಂಜಿನ್ ಸೇರುವ ಗಾಳಿಗೆ ಸಿಂಪಡಿಸಲಾಗುತ್ತಿತ್ತು. ಆವಿಯಾಗುವಾಗ ಅದು ಗುಪ್ತೋಷ್ಣವನ್ನು ಹೀರಿ ಮಿಶ್ರಣವನ್ನು ತಣಿಸುತ್ತಿತ್ತು. ಭೌತವಿಜ್ಞಾನದ ದೃಷ್ಟಿಯಿಂದ ಸೊಗಸಾದ ಪರಿಹಾರವೇ. ಆದರೆ ದ್ರವದ ತೊಟ್ಟಿಯನ್ನು ತುಂಬಿಸಬೇಕಾದವನು ಕಾರಿನ ಒಡೆಯ! ಅನೇಕರು ಮರೆತರು. ತೊಟ್ಟಿ ಬರಿದಾದಾಗ ಗಾಳಿಯ ಒತ್ತಡವನ್ನು ತಗ್ಗಿಸುವ ಏರ್ಪಾಡು ಇದ್ದುದರಿಂದ ಎಂಜಿನ್ ಉಳಿಯಿತು. ಕೊಂಡ ಸಾಮರ್ಥ್ಯ ಮಾತ್ರ ಮಾಯವಾಯಿತು. ೧೯೬೩ರ ಬಳಿಕ ಈ ಮಾದರಿಯೇ ನಿಂತಿತು. ಎಷ್ಟೋ ಕಾರುಗಳಿಂದ ಟರ್ಬೋಚಾರ್ಜರನ್ನು ಕಳಚಿ ಸಾಮಾನ್ಯ ಕಾರ್ಬ್ಯುರೇಟರನ್ನು ಕೂರಿಸಲಾಯಿತು.

ಪಿಸ್ಟನ್ನುಗಳನ್ನು ಬದಲಿಸಿ ಅನುಪಾತವನ್ನು ೮ಕ್ಕೆ ಇಳಿಸಿದರೆ ಉಷ್ಣತೆ ಏರುವುದು ೨.೩ ಪಟ್ಟು ಮಾತ್ರ. ಇಂಟರ್‌ಕೂಲರಿನಿಂದ ೩೨೦ರಲ್ಲಿ ಬಂದ ಗಾಳಿ ಆಗ ೭೩೫ ಕೆಲ್ವಿನ್ ಮುಟ್ಟುತ್ತದೆ. ಟರ್ಬೋಚಾರ್ಜರ್ ಇಲ್ಲದ ಮೂಲ ಎಂಜಿನ್ನಿಗಿಂತಲೂ ಕಡಿಮೆ! ಆದರೂ ಒತ್ತಡ ಹೆಚ್ಚಿರುವುದರಿಂದ ಕಿಡಿಯ ಸಮಯವನ್ನು ತಿದ್ದಬೇಕು, ಹೆಚ್ಚಿದ ಗಾಳಿಗೆ ತಕ್ಕಂತೆ ಪೆಟ್ರೋಲನ್ನೂ ಹೆಚ್ಚಿಸಬೇಕು. ಇಂದಿನ ಕಾರುಗಳಲ್ಲಿ ಇವೆರಡೂ ಕಂಪ್ಯೂಟರಿನ ವಶದಲ್ಲಿವೆ. ಅದರ ಕೋಷ್ಟಕಗಳನ್ನು ತಿದ್ದದೆ ಟರ್ಬೋಚಾರ್ಜರನ್ನಷ್ಟೇ ಜೋಡಿಸುವುದು ಎಂಜಿನ್ನನ್ನು ಪಣಕ್ಕಿಟ್ಟಂತೆ.

ಒತ್ತಡವನ್ನು ಎರಡು ಪಟ್ಟು ಮಾಡಿದರೆ ಈ ಸಂಖ್ಯೆಗಳೆಲ್ಲ ಏನಾಗುವುವು? ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು.